ಐದಕ್ಕೆ ಹತ್ತು ನಿಮಿಷ ಇರುವಾಗ

ಡೆಲ್ಮರ್ ಕ್ವಾಮ್ ತನ್ನ ಹೆಂಡತಿಗೆ ಒಂದು ಮಾತು ಹೇಳಬೇಕಾಗಿತ್ತು. ಬಾಯಿಬಿಟ್ಟು ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಹೆದರಿ ಅವನು ಹನ್ನೊಂದು ಸಂಜೆ ಕೂತು ಒಂದು ಪ್ರೋಗ್ರಾಮ್ ಬರೆದ. ಆ ವಸಂತದಲ್ಲಿ ಹಾರ್ಗ್ರೋವ್ ಊರಿನ ಸಂಸಾರಗಳಲ್ಲಿ ಎದ್ದ ಗಲಾಟೆಗೆಲ್ಲ ಮೂಲ ಇಷ್ಟೇ. ಆಮೇಲೆ ಜನ ಅದಕ್ಕೆ ಏನೇನೋ ದೊಡ್ಡ ಕಾರಣಗಳನ್ನು ಹೇಳಿದರು, ನಂಬಬೇಡಿ.

ಡೆಲ್ಮರ್ ಕೌಂಟಿ ಕಚೇರಿಯಲ್ಲಿ ನಾಯಿಗಳಿಗೆ ಲೈಸೆನ್ಸ್ ಬರೆದುಕೊಡುವ ಗುಮಾಸ್ತ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಅವನನ್ನು ಎರಡನೇ ಸಲ ತಿರುಗಿ ನೋಡಿರಲಿಲ್ಲ. ಅಂಥವನು ಒಂದು ದಿನ ಮನೆಗೆ ಕಂಪ್ಯೂಟರ್ ತಂದ. ಅಯೋವಾದ ಆ ಮೂಲೆಯಲ್ಲಿ, ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇಟ್ಟವನೆಂದರೆ ಸಾಮಾನ್ಯನಲ್ಲ. ಡೆಲ್ಮರನ ನಡಿಗೆಯೇ ಬದಲಾಯಿತು. ದಿನಸಿ ಅಂಗಡಿಯಲ್ಲಿ ಯಾರಾದರೂ ಚೀಟಿ ಹಿಡಿದು ನಿಂತಿದ್ದರೆ ಕನಿಕರದಿಂದ ತಲೆಯಾಡಿಸಿ, "ಇನ್ನೂ ಕಾಗದಾನಾ!" ಎನ್ನುತ್ತಿದ್ದ.

ಅವನ ಹೆಂಡತಿ ಆರ್ಡಿಸ್ ಲೂಥರನ್ ಚರ್ಚಿನಲ್ಲಿ ಪಾಸ್ಟರರ ಕಚೇರಿ ನೋಡಿಕೊಳ್ಳುವವಳು. ಆ ವರ್ಷ ಚರ್ಚಿಗೆ ನೂರು ತುಂಬುತ್ತಿತ್ತು. ಹೆಂಗಸರೆಲ್ಲ ಸೇರಿ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಬೇಕೆಂದೂ, ಅದರ ಮೊದಲ ಭಾಗದಲ್ಲಿ ಆರ್ಡಿಸಳ ತೀರಿಹೋದ ತಾಯಿ ಬೋರ್ಗಿಲ್ಡಳ ಅಡುಗೆಗಳೇ ಇರಬೇಕೆಂದೂ ತೀರ್ಮಾನವಾಗಿತ್ತು. ಬೋರ್ಗಿಲ್ಡ್ ಒಂದು ತಗಡಿನ ಡಬ್ಬಿಯ ತುಂಬ ಕಾರ್ಡುಗಳಲ್ಲಿ ಅವನ್ನೆಲ್ಲ ಬರೆದಿಟ್ಟಿದ್ದಳು. ಆರ್ಡಿಸ್ ಒಂದಿಡೀ ಚಳಿಗಾಲ ಕೂತು ಇನ್ನೂರ ಹದಿನಾಲ್ಕು ಅಡುಗೆಗಳನ್ನು ಗಂಡನ ಕಂಪ್ಯೂಟರಿನಲ್ಲಿ ಟೈಪು ಮಾಡಿ ಒಂದು ಫ್ಲಾಪಿ ಡಿಸ್ಕಿಗೆ ಹಾಕಿದಳು.

"ಇನ್ನು ಈ ಜಿಡ್ಡುಕಾಗದದ ಡಬ್ಬಿ ಯಾಕೆ ಹೇಳು?" ಎಂದ ಡೆಲ್ಮರ್. "ಹಿಟ್ಟು, ಬೆಣ್ಣೆ ಮೆತ್ತಿದೆ, ಇಲಿ ಬರುತ್ತೆ. ಎಲ್ಲಾ ಈ ಡಿಸ್ಕಿನಲ್ಲಿದೆಯಲ್ಲ. ಕಾಗದದ ಕಾಲ ಮುಗೀತು ಕಣೇ."

"ಅಮ್ಮನ ಕೈಬರಹ ಕಣೋ ಅದು."

"ಕೈಬರಹ ತಿನ್ನೋಕಾಗುತ್ತಾ?"

ಹಿತ್ತಲಿನ ಕಸ ಸುಡುವ ಡ್ರಮ್ಮಿನಲ್ಲಿ ಅವನೇ ಟೋಪಿ ತೆಗೆದು ಗೌರವದಿಂದ ಕಾರ್ಡುಗಳನ್ನು ಸುಟ್ಟ. ಆರ್ಡಿಸ್ ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡಿ, ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ನೀನಿದೀಯಲ್ಲ, ಜೋಪಾನ ಮಾಡ್ತೀಯ," ಎಂದಳು. ಈ ಮಾತನ್ನು ಅವಳು ಹೇಳದೆ ಇದ್ದಿದ್ದರೆ ಡೆಲ್ಮರನ ಮುಂದಿನ ಪಾಡು ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಆ ದಿನಗಳಲ್ಲಿ ಅವನು ಒಂದು ಗಡಿಯಾರದ ಪ್ರೋಗ್ರಾಮ್ ಬರೆಯುತ್ತಿದ್ದ. ಆಗಿನ ಕಂಪ್ಯೂಟರಿಗೆ ಒಂದು ಸಲಕ್ಕೆ ಒಂದೇ ಕೆಲಸ. ಕಾಗದ ಬರೆಯುವಾಗ ಲೆಕ್ಕ ಮಾಡುವುದಿಲ್ಲ, ಲೆಕ್ಕ ಮಾಡುವಾಗ ಗಂಟೆ ಎಷ್ಟೆಂದು ಕೇಳಿದರೆ ಹೇಳುವುದಿಲ್ಲ. ಆದರೆ ಕೆಲವು ಚಾಣಾಕ್ಷರು ಒಂದು ಉಪಾಯ ಕಂಡುಕೊಂಡಿದ್ದರು. ಯಂತ್ರ ಎದ್ದ ಕೂಡಲೇ ತಾನೂ ಎದ್ದು, ನೆನಪಿನ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಪ್ರೋಗ್ರಾಮ್. ನೀವು ಮೇಲೆ ಏನಾದರೂ ಮಾಡಿಕೊಳ್ಳಿ, ಅದಕ್ಕೆ ಗೊಡವೆಯಿಲ್ಲ. ಒಳಗೆ ಕೂತು ಹೊತ್ತು ನೋಡುತ್ತಿರುತ್ತದೆ. ಹೊತ್ತು ಬಂತೋ, ನಿಮ್ಮ ಕೆಲಸವನ್ನು ತಡೆದು ಎದುರಿಗೆ ಬಂದು ನಿಲ್ಲುತ್ತದೆ. ಡೆಲ್ಮರನ ಗಡಿಯಾರ ಪರದೆಯ ಮೇಲ್ಮೂಲೆಯಲ್ಲಿ ಗಂಟೆ ತೋರಿಸುತ್ತಿತ್ತು. ಇದನ್ನು ಸಾಧಿಸಿದ ದಿನ ಅವನು ಕಚೇರಿಯಲ್ಲಿ ನಾಯಿಗಳಿಗೂ ಈ ಸುದ್ದಿ ಹೇಳಿದ.

ಅದನ್ನು ಹಾಕಿಡಲು ಒಂದು ಖಾಲಿ ಫ್ಲಾಪಿ ಬೇಕಾಗಿತ್ತು. ಕೈಗೆ ಸಿಕ್ಕ ಒಂದನ್ನು ತುರುಕಿ, ಅಳಿಸು ಎಂದ. 'ಖಂಡಿತವಾಗಿಯೂ ಅಳಿಸಲೇ?' ಎಂದು ಯಂತ್ರ ಕೇಳಿತು. ಯಂತ್ರ ಏನು ಕೇಳಿದರೂ ಓದದೆ ಹೌದು ಒತ್ತುವುದು ಬಲ್ಲವರ ಲಕ್ಷಣ. ಡೆಲ್ಮರ್ ಒತ್ತಿದ. ಆಮೇಲೆ ಫ್ಲಾಪಿ ಹೊರಗೆಳೆದು ನೋಡಿದರೆ ಅದರ ಮೇಲೆ ಆರ್ಡಿಸಳ ದುಂಡು ಅಕ್ಷರದಲ್ಲಿ 'ಅಮ್ಮ' ಎಂದಿತ್ತು.

ಅವತ್ತಿನಿಂದ ಪ್ರತಿ ಸಂಜೆ ಅವನು ಹೇಳಲೆಂದು ಬಾಯಿ ತೆರೆಯುತ್ತಿದ್ದ, ಅದರೊಳಗೆ ಆಲೂಗಡ್ಡೆ ಹೋಗುತ್ತಿತ್ತು.

"ಅಮ್ಮಂದನ್ನ ಯಾವಾಗ ಪ್ರಿಂಟ್ ಮಾಡಿಕೊಡ್ತೀಯ?" ಎಂದು ಆರ್ಡಿಸ್ ಕೇಳಿದಳು. "ಏಪ್ರಿಲ್ ಕೊನೆಗೆ ಅಚ್ಚಿನವರಿಗೆ ಕೊಡಬೇಕು."

"ಪ್ರಿಂಟರಿನ ರಿಬ್ಬನ್ ಒಣಗಿಹೋಗಿದೆ."

ಅವಳು ರಿಬ್ಬನ್ ತಂದುಕೊಟ್ಟಳು. ಕಾಗದ ಸರಿಯಿಲ್ಲವೆಂದ. ಕಾಗದವನ್ನೂ ತಂದಳು. "ಯಂತ್ರಕ್ಕೆ ಸ್ವಲ್ಪ ವಿಶ್ರಾಂತಿ ಬೇಕು," ಎಂದ. ಪಾಪ, ಆರ್ಡಿಸ್ ಅದರ ಮೇಲೆ ಒಂದು ಟವೆಲ್ ಹೊದಿಸಿದಳು.

ಆ ಟವೆಲ್ ನೋಡಿ ಡೆಲ್ಮರನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತನ್ನಿಂದ ಆಗದ್ದನ್ನು ಯಂತ್ರದಿಂದಾದರೂ ಮಾಡಿಸೋಣವೆಂದು, ಗಡಿಯಾರದ ಪ್ರೋಗ್ರಾಮಿನೊಳಗೇ ಇನ್ನೊಂದು ಗುಟ್ಟಿನ ಭಾಗ ಸೇರಿಸಿ ಅದನ್ನು ಕಚೇರಿಯ ತನ್ನ ಕಂಪ್ಯೂಟರಿಗೆ ಹಾಕಿದ. ಕಚೇರಿ ಮುಚ್ಚುವುದು ಐದಕ್ಕೆ, ಮನೆ ಆರು ನಿಮಿಷದ ದಾರಿ. ದಿನಾ ಐದಕ್ಕೆ ಹತ್ತು ನಿಮಿಷ ಇರುವಾಗ ಯಂತ್ರ ಮೂರು ಸಲ ಕಿರುಚಿ, ಪರದೆಯನ್ನೆಲ್ಲ ಕಪ್ಪು ಮಾಡಿ, ಹೀಗೆ ಬರೆಯುತ್ತಿತ್ತು: 'ಇವತ್ತಾದರೂ ಅವಳಿಗೆ ಹೇಳಿಬಿಡು. ಹೇಳುತ್ತೀಯಾ?' ಇಲ್ಲ ಎಂದು ಒತ್ತಿದರೆ, 'ನಾಚಿಕೆಯಾಗಬೇಕು ನಿನಗೆ' ಎಂದು ಬರೆದು ಮತ್ತೆ ಅದನ್ನೇ ಕೇಳುತ್ತಿತ್ತು. ಹೌದು ಎಂದರೆ ಮಾತ್ರ ಬಿಡುಗಡೆ. ಡೆಲ್ಮರ್ ದಿನಾ ಹೌದು ಒತ್ತಿ, ಮನೆಗೆ ಹೋಗಿ, ಊಟಕ್ಕೇನು ಎಂದು ಕೇಳುತ್ತಿದ್ದ. ಹೆಂಡತಿಗೆ ಸುಳ್ಳು ಹೇಳುವುದರ ಜೊತೆಗೆ ಈಗ ಯಂತ್ರಕ್ಕೂ ಹೇಳಿದಂತಾಯಿತು.

ಊರಿನಲ್ಲಿ ಕಂಪ್ಯೂಟರ್ ಇದ್ದವರದೊಂದು ಕ್ಲಬ್ ಇತ್ತು. ತಿಂಗಳ ಎರಡನೇ ಮಂಗಳವಾರ ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರುವುದು, ಕಾಫಿ ಕುಡಿಯುವುದು, ನಿಂಬೆಹಣ್ಣಿನ ಬಾರ್ ಎಂಬ ಸಿಹಿತಿಂಡಿ ತಿನ್ನುವುದು, ಕೊನೆಗೆ ಎಲ್ಲರಿಗೂ ಆ ತಿಂಗಳ ಡಿಸ್ಕ್ ಹಂಚುವುದು. ಸದಸ್ಯರು ಬರೆದದ್ದು, ಬೇರೆ ಊರಿನ ಕ್ಲಬ್ಬುಗಳಿಂದ ಬಂದದ್ದು ಎಲ್ಲ ಸೇರಿಸಿ ಮೂವತ್ತನಾಲ್ಕು ಪ್ರತಿ ಮಾಡುವವನು ಮಾರ್ವಿನ್ ಪ್ರೊಚಾಸ್ಕಾ. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದ ಬ್ರಹ್ಮಚಾರಿ. ಡಿಸ್ಕಿಗೆ ಚೀಟಿ ಅಂಟಿಸುವಾಗಲೂ ಅಡಿಪಟ್ಟಿ ಇಟ್ಟು ಅಂಟಿಸುವ ಮನುಷ್ಯ. 'ಯಾವುದನ್ನೂ ಒಂದೇ ಪ್ರತಿ ಇಡಬೇಡಿ' ಎಂದು ಗೋಡೆಗೆ ಬರೆದು ಹಚ್ಚಿದ್ದವನೂ ಅವನೇ. ಆ ಬರಹದ ಕೆಳಗೆ ಕೂರುವುದನ್ನು ಡೆಲ್ಮರ್ ಈಚೆಗೆ ಬಿಟ್ಟಿದ್ದ.

"ಎಲ್ಲಪ್ಪಾ ನಿನ್ನ ಪ್ರಸಿದ್ಧ ಗಡಿಯಾರ?" ಎಂದು ಮಾರ್ವಿನ್ ಕೈ ಚಾಚಿದ.

ಡೆಲ್ಮರನ ಕೋಟಿನಲ್ಲಿ ಎರಡು ಫ್ಲಾಪಿ ಇದ್ದವು. ಒಂದರ ಮೇಲೆ 'ಕೊನೆಯದು' ಎಂದಿತ್ತು, ಇನ್ನೊಂದರ ಮೇಲೆ 'ನಿಜವಾಗಿ ಕೊನೆಯದು' ಎಂದು. ಬರೀ ಗಡಿಯಾರ ಯಾವುದರಲ್ಲಿ, ಗುಟ್ಟಿನ ಭಾಗವಿದ್ದದ್ದು ಯಾವುದರಲ್ಲಿ? ಪ್ರೋಗ್ರಾಮ್ ಬರೆಯುವವರನ್ನು ಬಲ್ಲವರಿಗೆ ಇದರ ಉತ್ತರ ಅವರಿಗೂ ಗೊತ್ತಿರುವುದಿಲ್ಲ ಎಂದು ಗೊತ್ತು. ಎಲ್ಲರೂ ನೋಡುತ್ತಿದ್ದರು. ಡೆಲ್ಮರ್ ಗಂಭೀರವಾಗಿ ಒಂದನ್ನು ಎತ್ತಿ ಕೊಟ್ಟ. ಚಪ್ಪಾಳೆ ಬಿತ್ತು. ಅವನು ಎರಡು ಬಾರ್ ಹೆಚ್ಚಿಗೆ ತಿಂದ.

ಮಾರನೆಯ ದಿನ ಸಂಜೆ ಷೆರಿಫ್ ಹಾರ್ಲನ್ ಡೀಟ್ಸ್ ಡೆಲ್ಮರನ ಕೌಂಟರಿಗೆ ಬಂದ. ಆರಡಿ ನಾಲ್ಕಂಗುಲದ ಆಳು, ಮುಖದಲ್ಲಿ ರಕ್ತವಿರಲಿಲ್ಲ.

"ಕ್ವಾಮ್, ಕ್ಲಬ್ಬಿನ ಡಿಸ್ಕ್ ಹಾಕಿದೆ. ಆ ಮಷೀನಿಗೆ ನಮ್ಮನೆ ವಿಷಯ ಹೇಗಯ್ಯಾ ಗೊತ್ತಾಯ್ತು?"

"ಯಾವ ವಿಷಯ?"

"ಅವಳಿಗೆ ಹೇಳು ಅನ್ನುತ್ತೆ. ಇಲ್ಲ ಅಂದೆ. ನಾಚಿಕೆಯಾಗಬೇಕು ಅಂತು. ನನಗೆ! ಡ್ಯೂಟಿ ಮೇಲಿರೋ ಷೆರಿಫಿಗೆ!" ಅವನು ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದ. "ನನ್ನ ಹೆಂಡತಿ ಲವೋನ್‌ಳ ಬೆಕ್ಕನ್ನ ಕಾಡುನರಿ ಹಿಡೀತು ಅಂದಿದ್ನಲ್ಲ, ಅದು ಕಾಡುನರಿ ಅಲ್ಲ. ನಮ್ಮ ಗಸ್ತಿನ ಕಾರು. ನಾನೇ ಹಿಂದಕ್ಕೆ ತಗೊಂಡೆ."

"ಅಯ್ಯೋ. ಆಮೇಲೆ ನೀವು ಜನ ಸೇರಿಸಿಕೊಂಡು ಬೇಟೆಗೆ ಹೋದ್ರಲ್ಲ?"

"ಮೂರು ಕಾಡುನರಿ ಕಣಯ್ಯಾ. ಮೂರೂ ನಿರಪರಾಧಿಗಳು," ಎಂದು ಷೆರಿಫ್ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಹೇಳ್ತೀನಿ ಅಂತ ಒತ್ತಿಬಿಟ್ಟಿದೀನಿ. ಇನ್ನು ಹೇಳದೆ ಇದ್ರೆ ಮಾತು ತಪ್ಪಿದ ಹಾಗಾಗುತ್ತೆ."

ಅವನು ಹೋದ ಮೇಲೆ ಡೆಲ್ಮರ್ ಕೋಟಿನಲ್ಲಿ ಉಳಿದಿದ್ದ ಫ್ಲಾಪಿಯನ್ನು ಹಾಕಿ ನೋಡಿದ. ಬರೀ ಗಡಿಯಾರ. ಗುಟ್ಟಿನ ಭಾಗ ಕ್ಲಬ್ಬಿಗೆ ಹೋಗಿತ್ತು. ತನ್ನ ಮನೆಯ ಪಾಪ ಮೂವತ್ತನಾಲ್ಕು ಮನೆಗಳಲ್ಲಿ ಕೂತು ಹೊತ್ತು ನೋಡುತ್ತಿತ್ತು.

ಹಾರ್ಗ್ರೋವಿನವರು ತಮ್ಮ ಬಗ್ಗೆ ಮಾತಾಡುವ ಜನರಲ್ಲ. ಹಿಮದ ಬಿರುಗಾಳಿಯಲ್ಲಿ ಮನೆ ಮಾಡು ಹಾರಿಹೋದರೂ "ಪರವಾಗಿಲ್ಲ, ಇನ್ನೂ ಕೆಟ್ಟದಾಗಬಹುದಿತ್ತು" ಎನ್ನುವವರು. ಹಾಗೆಂದು ಹೇಳಲು ಅವರಲ್ಲಿ ಏನೂ ಇಲ್ಲವೆಂದಲ್ಲ; ಯಾರೂ ಕೇಳಿರಲಿಲ್ಲ, ಅಷ್ಟೆ. ಈಗ ಯಂತ್ರ ಕೇಳಿತು. ಬ್ಯಾಂಕಿನ ಮ್ಯಾನೇಜರ್ ಗ್ಲೆನ್ ಟಿಮರ್‌ಮನ್ ತನ್ನ ತಲೆಗೂದಲು ತನ್ನದಲ್ಲವೆಂದು ಹೆಂಡತಿಯ ಮುಂದೆ ಒಪ್ಪಿಕೊಂಡ. "ನಿಶ್ಚಿತಾರ್ಥದ ದಿನವೇ ಗೊತ್ತಿತ್ತು, ಗಾಳಿ ಇತ್ತಲ್ಲ," ಎಂದಳಂತೆ ಆಕೆ. ಇಪ್ಪತ್ತಾರು ವರ್ಷ ಗಾಳಿಗೆ ಬೆನ್ನು ಕೊಟ್ಟು ನಡೆದದ್ದೆಲ್ಲ ದಂಡವಾಯಿತೆಂದು ಅವನು ಎರಡು ದಿನ ಮಾತಾಡಲಿಲ್ಲ. ಷೆರಿಫರ ಮನೆಯಲ್ಲಿ ಲವೋನ್ ಅಡುಗೆ ನಿಲ್ಲಿಸಿದಳು. ಷೆರಿಫ್ ಗಸ್ತಿನ ಕಾರಿನಲ್ಲೇ ಕೂತು ಸ್ಯಾಂಡ್‌ವಿಚ್ ತಿನ್ನುವುದನ್ನು ಊರೆಲ್ಲ ನೋಡಿತು. ಇನ್ನೊಬ್ಬ, ಹೇಳುವಂಥದ್ದು ಏನೂ ನೆನಪಾಗದೆ, ಹೆಂಡತಿಯ ಅನುಮಾನ ಹೆಚ್ಚಾಗಿ, ಸುಮ್ಮನೆ ಒಂದನ್ನು ಕಟ್ಟಿ ಹೇಳಿ ಇನ್ನೂ ದೊಡ್ಡ ಫಜೀತಿಗೆ ಸಿಕ್ಕಿಕೊಂಡ.

ಶುಕ್ರವಾರ ಆರ್ಡಿಸ್ ಮನೆಗೆ ಬಂದವಳೇ ಕೈಚೀಲ ಎಸೆದಳು.

"ಆರು ವರ್ಷ ಡೆಲ್ಮರ್! ಪ್ರತಿ ಬುಧವಾರ ಪಾಸ್ಟರ್ ನೆಸ್ಟೆಗಾರ್ಡ್‌ಗೆ ಅಂತ ಟ್ಯೂನಾ ಮೀನು ಹಾಕಿ ಬೇಯಿಸೋ ಹಾಟ್‌ಡಿಶ್ ಮಾಡಿ ಕೊಟ್ಟೆ. ಎಲ್ಲಾ ನಾಯಿಗೆ ಹಾಕ್ತಿದ್ರಂತೆ! ಇವತ್ತು ನನ್ನೆದುರು ನಿಂತು, ಕೈ ಜೋಡಿಸಿಕೊಂಡು, ಅವರೇ ಹೇಳಿದ್ರು."

ಡೆಲ್ಮರ್ ತಟ್ಟೆಯನ್ನೇ ನೋಡಿದ. ಆ ನಾಯಿ ಅವನಿಗೆ ಚೆನ್ನಾಗಿ ಗೊತ್ತು. ಅದರ ಲೈಸೆನ್ಸ್ ಬರೆದವನು ಅವನೇ. ಪಾಸ್ಟರರ ಹಿತ್ತಲೂ ಡೆಲ್ಮರನ ಮನೆಯ ಹಿತ್ತಲೂ ಒಂದೇ. ಕೊನೆಕೊನೆಗೆ ನಾಯಿ ಬಾಗಿಲಲ್ಲಿ ತೂರದಷ್ಟು ದಪ್ಪವಾಗಿ, ಆ ಚಳಿಗಾಲದಲ್ಲಷ್ಟೇ ಸತ್ತಿತ್ತು.

"ಏನೇ ಆಗ್ಲಿ, ಮನುಷ್ಯ ಬಾಯಿಬಿಟ್ಟು ಹೇಳಿದ್ರು," ಎಂದು ಆರ್ಡಿಸ್ ಕೂತಳು. "ಅದು ದೊಡ್ಡದು. ಲವೋನ್ ಅಂತಿದ್ಲು, ಈ ಊರಲ್ಲಿ ಗುಟ್ಟಿಲ್ಲದ ಗಂಡಸು ಅಂದ್ರೆ ನಿನ್ನ ಗಂಡ ಒಬ್ಬನೇ ಕಣೇ ಅಂತ."

ಡೆಲ್ಮರ್ ಒಂದು ಇಡೀ ಆಲೂಗಡ್ಡೆಯನ್ನು ಅಗಿಯದೆ ನುಂಗಿದ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬದಲಿಗೆ ಅವನು, "ಉಪ್ಪು ಕೊಡು," ಎಂದ.

ಇಷ್ಟೊತ್ತಿಗೆ ಗಂಡಸರೆಲ್ಲ ಸೇರಿ ಅಪರಾಧಿಯನ್ನು ಹುಡುಕಿಬಿಟ್ಟಿದ್ದರು. ಡಿಸ್ಕಿನಲ್ಲಿ ಹದಿನಾಲ್ಕು ಪ್ರೋಗ್ರಾಮ್ ಇದ್ದವು, ಕೀಟಲೆ ಯಾವುದರೊಳಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಚೀಟಿಯ ಮೇಲಿದ್ದ ಅಕ್ಷರ ಮಾರ್ವಿನ್ ಪ್ರೊಚಾಸ್ಕಾನದು. ಹೆಂಡತಿಯಿಲ್ಲದವನು, ಇದ್ದವರ ಮೇಲೆ ಹೊಟ್ಟೆಯುರಿಗೆ ಮಾಡಿದ್ದಾನೆ ಎಂದು ತೀರ್ಪಾಯಿತು. ಶನಿವಾರ ನಾಲ್ಕೂವರೆಗೆ ಸಭೆ. ಅವನನ್ನು ಕ್ಲಬ್ಬಿನಿಂದ ತೆಗೆದು, ನೆಲಮಾಳಿಗೆಯ ಬೀಗದಕೈ ಕಿತ್ತುಕೊಳ್ಳುವುದು. ಮಾರ್ವಿನನಿಗೆ ಆ ಬೀಗದಕೈ ಬಿಟ್ಟು ಬೇರೆ ಸಂಸಾರವಿರಲಿಲ್ಲ.

ಶನಿವಾರ ಬೆಳಿಗ್ಗೆ ಮಾರ್ವಿನ್ ಡೆಲ್ಮರನ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಒಂದೊಂದೇ ತೆಗೆದು ನೋಡಿದೆ," ಎಂದ. "ಹದಿಮೂರು ಹಾಕಿದಾಗ ಬರಲ್ಲ. ನಿನ್ನ ಗಡಿಯಾರ ಹಾಕಿದ್ರೆ ಬರುತ್ತೆ."

ಡೆಲ್ಮರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಾನು ಯಾರಿಗೂ ಹೇಳಿಲ್ಲ. ಅದು ಯಾರಿಗೋ ಬರೆದಿದ್ದಲ್ಲ, ನಿನಗೆ ನೀನೇ ಬರೆದುಕೊಂಡಿದ್ದು ಅಂತ ಕಾಣುತ್ತೆ. ಇನ್ನೊಬ್ಬರ ಕಾಗದ ನಾನು ಓದೋನಲ್ಲ," ಎಂದು ಮಾರ್ವಿನ್ ಟೋಪಿ ಸರಿಮಾಡಿಕೊಂಡ. "ಗಡಿಯಾರ ಮಾತ್ರ ಚೆನ್ನಾಗಿದೆ ಕಣಪ್ಪ."

ಅವನು ಬೈದಿದ್ದರೆ ಎಷ್ಟೋ ಸುಖವಿತ್ತು. ಡೆಲ್ಮರ್ ಕಚ್ಚೆಕಟ್ಟಿ ನಿಂತು ಜಗಳವಾಡುತ್ತಿದ್ದ. ಈಗ ಬಾಗಿಲು ಹಾಕಿಕೊಂಡು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಸಭೆಗೆ ಕ್ಲಬ್ಬಿನವರಷ್ಟೇ ಅಲ್ಲ, ಹೆಂಡತಿಯರೂ ಬಂದಿದ್ದರು. ಆರ್ಡಿಸ್ ಕಾಫಿ ಕೆಟಲ್ ಹಿಡಿದು ಕಪ್ಪು ತುಂಬುತ್ತಿದ್ದಳು. ಮೇಜಿನ ಮೇಲೆ ಸಾಕ್ಷಿಯಾಗಿ ಕ್ಲಬ್ಬಿನ ಕಂಪ್ಯೂಟರ್. ಮೇಲ್ಮೂಲೆಯಲ್ಲಿ ಡೆಲ್ಮರನ ಗಡಿಯಾರ ಸೆಕೆಂಡು ಎಣಿಸುತ್ತಿತ್ತು. ಮಾರ್ವಿನ್ ಒಂಟಿ ಕುರ್ಚಿಯಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

"ನೀನು ಮಾಡಿದ್ದಾ, ಅಲ್ವಾ? ಅಷ್ಟು ಹೇಳು," ಎಂದ ಷೆರಿಫ್. ಮೂರು ದಿನದಿಂದ ಬಿಸಿ ಊಟ ಕಾಣದ ಮನುಷ್ಯ.

"ನಾನಲ್ಲ," ಎಂದ ಮಾರ್ವಿನ್.

"ಮತ್ತೆ ಯಾರು?"

"ಅದು ನಾನು ಹೇಳೋದಲ್ಲ."

"ಕೇಳಿದ್ರಾ!" ಎಂದು ಗ್ಲೆನ್ ಟಿಮರ್‌ಮನ್ ಎದ್ದು ನಿಂತ. ಅವನು ಈಗ ಕೂದಲಿಲ್ಲದೆ ಓಡಾಡುತ್ತಿದ್ದ. "ಗೊತ್ತಿದ್ದೂ ಹೇಳ್ತಿಲ್ಲ!"

ಡೆಲ್ಮರ್ ಹಿಂದಿನ ಸಾಲಿನಿಂದ ಕೈ ಎತ್ತಿ, "ಇದು ಬಿಸಿಲಿಗೆ ತಾನೇತಾನಾಗಿ ಆಗೋದೂ ಉಂಟು," ಎಂದ. "ಸೂರ್ಯನಲ್ಲಿ ಕಲೆಗಳಿರ್ತಾವಲ್ಲ..."

"ಸೂರ್ಯನಿಗೆ ನನ್ನ ಹೆಂಡತಿ ಗೊತ್ತೇನಯ್ಯಾ?" ಎಂದು ಷೆರಿಫ್ ಗದರಿದ.

ಆಗ ಯಂತ್ರ ಮೂರು ಸಲ ಕಿರುಚಿತು.

ಪರದೆ ಕಪ್ಪಾಯಿತು. 'ಇವತ್ತಾದರೂ ಅವಳಿಗೆ ಹೇಳಿಬಿಡು. ಹೇಳುತ್ತೀಯಾ?' ಗಂಡಸರೆಲ್ಲ ನೆಲ ನೋಡಿದರು. ಹೆಂಗಸರೆಲ್ಲ ಗಂಡಸರನ್ನು ನೋಡಿದರು.

"ಬಾ, ನೀನೇ ಒತ್ತು," ಎಂದು ಷೆರಿಫ್ ಮಾರ್ವಿನನ ತೋಳು ಹಿಡಿದು ಎಬ್ಬಿಸಿದ. "ನಿನಗೂ ಗೊತ್ತಾಗ್ಲಿ ಹೇಗಿರುತ್ತೆ ಅಂತ."

ಮಾರ್ವಿನನಿಗೆ ಹೇಳಲು ಯಾವ ಅವಳೂ ಇರಲಿಲ್ಲ. ಪ್ರಾಮಾಣಿಕ ಮನುಷ್ಯ, ಇಲ್ಲ ಎಂದು ಒತ್ತಿದ. 'ನಾಚಿಕೆಯಾಗಬೇಕು ನಿನಗೆ' ಎಂದಿತು ಯಂತ್ರ. ಇಡೀ ಊರಿನೆದುರು ಆ ಮುದುಕನ ಕಿವಿ ಕೆಂಪಾಯಿತು.

ಡೆಲ್ಮರ್ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. ಕುರ್ಚಿಗಳಿಗೆ ಎಡವುತ್ತ, ಒಬ್ಬರ ಮಡಿಲಿಗೆ ಕಾಫಿ ಚೆಲ್ಲುತ್ತ ಮುಂದೆ ಬಂದು ಹೌದು ಎಂದು ಒತ್ತಿದ. ಆಮೇಲೆ ಕೆಟಲ್ ಹಿಡಿದು ನಿಂತ ಹೆಂಡತಿಯ ಕಡೆ ತಿರುಗಿದ.

"ಆರ್ಡಿಸ್, ಇದು ನಂದು. ನಾನೇ ಬರೆದಿದ್ದು. ನಿನಗೆ ಹೇಳಬೇಕಾಗಿತ್ತು. ಅಮ್ಮನ ಡಿಸ್ಕ್ ಅಳಿಸಿಹೋಯ್ತು. ಹೋಯ್ತು ಅಲ್ಲ, ನಾನು ಅಳಿಸಿದೆ."

ಆರ್ಡಿಸ್ ಕೆಟಲನ್ನು ಮೇಜಿನ ಮೇಲಿಟ್ಟಳು.

"ಯಾವಾಗ?"

"ಮಾರ್ಚ್ ಎಂಟು."

"ಲೆಫ್ಸೆ? ಆ ಆಲೂಗಡ್ಡೆ ರೊಟ್ಟಿ?"

"ಹೋಯ್ತು."

"ಕ್ರಿಸ್‌ಮಸ್ ರೊಟ್ಟಿ? ಆ ಬಾದಾಮಿ ಕೇಕು?"

"ಎಲ್ಲಾ."

"ಎರಡನೇ ಪ್ರತಿ?"

ಡೆಲ್ಮರ್ ಗೋಡೆಯ ಮೇಲಿನ ಬರಹವನ್ನು ನೋಡಿದ. ಎಲ್ಲರೂ ನೋಡಿದರು.

"ನಾನು ಅದರ ಮೇಲೆ ಟವೆಲ್ ಹೊದಿಸಿದೆ," ಎಂದಳು ಆರ್ಡಿಸ್. ಕೂಗಾಡಲಿಲ್ಲ. ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು. ಕಾರು ಹೊರಗೇ ಇದ್ದರೂ ಹತ್ತಲಿಲ್ಲ. ಒಂಬತ್ತು ಬೀದಿಯ ಉದ್ದಕ್ಕೂ ಅವಳು ರಸ್ತೆಬದಿಯ ಕಾಲುಹಾದಿಯಲ್ಲಿ ನಡೆದಳು, ಡೆಲ್ಮರ್ ಕಿಟಕಿ ಇಳಿಸಿ, ಅವಳ ನಡಿಗೆಯ ವೇಗದಲ್ಲೇ ಕಾರು ಓಡಿಸುತ್ತ, "ಆರ್ಡಿಸ್... ಆರ್ಡಿಸ್..." ಎನ್ನುತ್ತ ಪಕ್ಕದಲ್ಲೇ ಸಾಗಿದ. ಹಿಂದೆ ಆರು ಕಾರುಗಳು ಹಾರನ್ ಮಾಡದೆ ಸಾಲಾಗಿ ಬಂದವು. ಊರಿನವರು ಮರ್ಯಾದಸ್ಥರು, ನೋಡಲಿಲ್ಲವೆಂಬಂತೆ ಎಲ್ಲವನ್ನೂ ನೋಡಿದರು.

ಒಂಬತ್ತು ದಿನ ಮನೆಯಲ್ಲಿ ಮಾತಿಲ್ಲ. ಡೆಲ್ಮರ್ ಮಾರ್ವಿನನ ಮನೆಗೆ ಹೋಗಿ ಕ್ಷಮೆ ಕೇಳಿದ. ಮಾರ್ವಿನ್ ಅವನ ಕೈಗೆ ಹತ್ತು ಖಾಲಿ ಫ್ಲಾಪಿ ಕೊಟ್ಟು ಕಳಿಸಿದ. ಅದನ್ನು ಹಿಡಿದು ಬೀದಿಯಲ್ಲಿ ನಡೆಯುವಾಗ ಡೆಲ್ಮರನಿಗೆ ತಲೆಯೆತ್ತಲಾಗಲಿಲ್ಲ.

ಹತ್ತನೆಯ ದಿನ ಲವೋನ್ ಡೀಟ್ಸ್ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಹಳದಿ ಬಣ್ಣಕ್ಕೆ ತಿರುಗಿದ ಕಾರ್ಡು.

"ನಿಮ್ಮಮ್ಮ ನನ್ನ ಮದುವೆಗೆ ಬರೆದುಕೊಟ್ಟಿದ್ದು ಕಣೇ, ಆರ್ಡಿಸ್. ಲೆಫ್ಸೆ. ನಾನು ಬೆಣ್ಣೆ ಮಾತ್ರ ಎರಡರಷ್ಟು ಮಾಡಿದೀನಿ, ಅದನ್ನ ಹೊಡೆದುಹಾಕು."

ಆಮೇಲೆ ಟಿಮರ್‌ಮನ್ನನ ಹೆಂಡತಿ ಬಂದಳು. ನಡುನಡುವೆ ಇನ್ನಾರೋ, ಮತ್ತಾರೋ. ಬೋರ್ಗಿಲ್ಡ್ ನಲವತ್ತು ವರ್ಷ ಯಾರ ಮದುವೆಯಾದರೂ, ಯಾರ ಮನೆಯಲ್ಲಿ ಸಾವಾದರೂ ಒಂದು ಪಾತ್ರೆ ಅಡುಗೆ, ಜೊತೆಗೊಂದು ಕಾರ್ಡು ಕಳಿಸುತ್ತಿದ್ದಳು. ಮಾರ್ವಿನ್ ಗೋಡೆಗೆ ಹಚ್ಚಿದ್ದ ಮಾತನ್ನು ಆ ಮುದುಕಿ ಯಾವ ಯಂತ್ರವೂ ಇಲ್ಲದೆ ಪಾಲಿಸಿದ್ದಳು. ಎಲ್ಲ ಬರಲಿಲ್ಲ. ಇನ್ನೂರ ಹದಿನಾಲ್ಕರಲ್ಲಿ ನೂರ ಮೂವತ್ತೊಂದು ಬಂದವು. ಬಾದಾಮಿ ಕೇಕು ಎಂದಿಗೂ ಬರಲಿಲ್ಲ.

ಕೊನೆಗೆ ಬಂದದ್ದು ಪಾಸ್ಟರ್ ನೆಸ್ಟೆಗಾರ್ಡರ ತೀರಿಹೋದ ಹೆಂಡತಿಗೆ ಬೋರ್ಗಿಲ್ಡ್ ಕೊಟ್ಟಿದ್ದ ಕಾರ್ಡು, ಟ್ಯೂನಾ ಹಾಟ್‌ಡಿಶ್. ಅದರ ಅಂಚಿನಲ್ಲಿ ಬೋರ್ಗಿಲ್ಡಳ ಓರೆಯಾದ ಅಕ್ಷರದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: 'ಅಳಿಯ ಡೆಲ್ಮರನಿಗೆ ಇದು ಸೇರುವುದಿಲ್ಲ. ಬಾಯಿಬಿಟ್ಟು ಹೇಳುವವನಲ್ಲ. ಹೇಳುವವರೆಗೆ ಎರಡೆರಡು ಸಲ ಬಡಿಸುತ್ತೇನೆ.'

ಆರ್ಡಿಸ್ ಅದನ್ನು ಓದಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಡೆಲ್ಮರ್ ಕೋಣೆಯ ಬಾಗಿಲಲ್ಲಿ ನಿಂತಿದ್ದವನು ಒಳಗೆ ಬರಲೋ ಬೇಡವೋ ತಿಳಿಯದೆ ಅಲ್ಲೇ ನಿಂತ. "ಟೈಪು ಮಾಡಬೇಕು, ಕೂತ್ಕೋ," ಎಂದಳು ಅವಳು. "ಎರಡು ಪ್ರತಿ."

ಮುಂದಿನ ತಿಂಗಳ ಡಿಸ್ಕಿಗೆ ಡೆಲ್ಮರ್ ತನ್ನ ಗುಟ್ಟಿನ ಭಾಗವನ್ನು ಕಿತ್ತುಹಾಕುವ ಪ್ರೋಗ್ರಾಮ್ ಬರೆದುಕೊಟ್ಟ. ಊರಿನ ಗಂಡಸರು ಅದನ್ನು ಭಕ್ತಿಯಿಂದ ಮನೆಗೆ ಒಯ್ದರು. ಹೆಂಡತಿಯರು ಅದನ್ನು ಹಾಕಗೊಡಲಿಲ್ಲ. ಹಾಗಾಗಿ ಹಾರ್ಗ್ರೋವಿನಲ್ಲಿ ಇವತ್ತಿಗೂ ಐದಕ್ಕೆ ಹತ್ತು ನಿಮಿಷ ಇರುವಾಗ ಅಲ್ಲಲ್ಲಿ ಮೂರು ಸಲ ಕಿರುಚುವುದು ಕೇಳುತ್ತದೆ.

ಡೆಲ್ಮರನ ಮೇಜಿನ ಮೇಲೂ ಕೇಳುತ್ತದೆ. ಆರ್ಡಿಸಳ ಆಜ್ಞೆ: ಒತ್ತಿದ ಮೇಲೆ ಫೋನು ಮಾಡಲೇಬೇಕು. ಮೊದಲ ವಾರ ಒಡೆದ ಬಟ್ಟಲು, ಕಳೆದ ಕೈಗವಸು, ಹೀಗೆ ಸಣ್ಣಪುಟ್ಟದ್ದೆಲ್ಲ ಹೇಳಿ ಮುಗಿಯಿತು. ಎರಡನೇ ವಾರದ ಬುಧವಾರ ಯಂತ್ರ ಕಿರುಚಿದಾಗ ಅವನ ಬಳಿ ಒಂದೇ ಒಂದು ಉಳಿದಿತ್ತು. ಇಲ್ಲ ಎಂದು ಒತ್ತಿದ, ಬೈಸಿಕೊಂಡ. ಹೌದು ಒತ್ತಿ ಫೋನು ಎತ್ತಿದ.

"ಹೇಳು, ಇವತ್ತೇನು?" ಎಂದಳು ಆರ್ಡಿಸ್.

"ಪಾಸ್ಟರರ ನಾಯಿ ಇತ್ತಲ್ಲ."

"ಹೂಂ."

"ಬುಧವಾರ ಬುಧವಾರ, ನೀನು ಒಳಗೆ ಹೋದಾಗ... ನನ್ನ ಪಾಲಿನ ಹಾಟ್‌ಡಿಶ್ ಕೂಡ ಹಿತ್ತಲ ಬಾಗಿಲಲ್ಲಿ ಅದಕ್ಕೇ ಹಾಕ್ತಿದ್ದೆ."

ಡೆಲ್ಮರ್ ಕಣ್ಣು ಮುಚ್ಚಿಕೊಂಡ.

"ಅದಕ್ಕೇ ಆ ನಾಯಿ ಅಷ್ಟು ದಪ್ಪ ಇತ್ತು," ಎಂದಳು ಆರ್ಡಿಸ್. "ಬೇಗ ಬಾ. ಇವತ್ತೂ ಅದನ್ನೇ ಮಾಡಿದೀನಿ, ನಾಯಿ ಬೇರೆ ಇಲ್ಲ."